ಪ್ರೊಫೆಸರರ ತೋಳಿಗೆ ಕಟ್ಟಿದ ನಾಣ್ಯ

2024ರ ಅಕ್ಟೋಬರ್ ಕೊನೆಯ ವಾರ ಪ್ರೊಫೆಸರ್ ಲೂಕಾಸ್ ಶಿವಮೊಗ್ಗ ಬಿಟ್ಟು ತಮ್ಮ ದೇಶಕ್ಕೆ ಹೋದರು. ಹೋಗುವ ಮುನ್ನ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಪರಿಚಯವಾದವರ ಮನೆಗಳಿಗೆ ಹೋಗಿ ವಿದಾಯ ಹೇಳಿದರು. ಕೊನೆಯದಾಗಿ ಹೋದ ಮನೆಯಲ್ಲಿ ಅವರ ಬಲತೋಳಿಗೆ ಒಂದು ನಾಣ್ಯ ಕಟ್ಟಲಾಯಿತು.

ಮೊನ್ನೆ ಭದ್ರಾವತಿಯ ಹಳೇನಗರದಲ್ಲಿ ಕೆಲಸ ಮುಗಿಸಿ ಬರುತ್ತಿದ್ದಾಗ ಆ ಮನೆಯ ಮುಂದೆ ಗಂಜಿಯ ವಾಸನೆ ಬಂತು. ಶುಂಠಿ, ಬೆಳ್ಳುಳ್ಳಿ, ಪುದೀನ ಹಾಕಿ ಕುದಿಸುವ ಗಂಜಿ. ಕಾರ್ಖಾನೆ ಕೆಲಸಕ್ಕೆ ಬಂದ ತಮಿಳು ಮುಸಲ್ಮಾನರಿಂದ ಈ ಊರಿನ ಉಳಿದವರೂ ಕಲಿತದ್ದು. ರಂಜಾನಿನಲ್ಲಿ ಹಳೇನಗರದ ತುಂಬ ಈ ವಾಸನೆ ಇರುತ್ತದೆ. ಉಳಿದ ತಿಂಗಳುಗಳಲ್ಲಿ ಇರುವುದಿಲ್ಲ. ಇದು ರಂಜಾನ್ ಅಲ್ಲ, ಬರೀ ಗುರುವಾರ. ಜೈನಾಬಿಯವರ ಮನೆಯಲ್ಲಿ ವರ್ಷ ಕಳೆದರೂ ಪ್ರತಿ ಗುರುವಾರ ಸಂಜೆ ಈ ಗಂಜಿ ಕುದಿಯುತ್ತಿದೆ. ಕಾರಣ ಪ್ರೊಫೆಸರ್ ಲೂಕಾಸ್.

ಅವರು ಬಂದದ್ದು ಆ ವರ್ಷದ ಜೂನ್‌ನಲ್ಲಿ, ಮಳೆ ಹಿಡಿದ ವಾರ. ನಮ್ಮ ಪತ್ರಿಕೆಯ ಬೆಂಗಳೂರು ಕಚೇರಿಯಿಂದ ಫೋನ್ ಬಂದಿತ್ತು. "ಒಬ್ಬರು ಫಾರಿನ್ ಪ್ರೊಫೆಸರ್ ಬರ್ತಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ." ನೋಡಿಕೊಳ್ಳುವುದೆಂದರೆ ಏನು ಎಂದು ಜಿಲ್ಲಾ ವರದಿಗಾರನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಇಂಗ್ಲಿಷ್ ಬಲ್ಲವನು, ಕಚೇರಿ ಬಸ್ ಸ್ಟ್ಯಾಂಡಿನ ಹತ್ತಿರ ಇದೆ, ಅಷ್ಟು ಸಾಕಾಯಿತು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಸಿಕ್ಕಿತು. ಓಡಾಡಲು ಭದ್ರಾವತಿಯ ಖಾದರನ ಕಾರು ಗೊತ್ತುಮಾಡಿದ್ದಾಯಿತು.

ಲೂಕಾಸ್ ಒಬ್ಬ ಯಾತ್ರಿಕನ ಬೆನ್ನು ಹತ್ತಿ ಬಂದಿದ್ದರು. ನೂರೈವತ್ತು ವರ್ಷಗಳ ಹಿಂದೆ ಅವರ ದೇಶದವನೊಬ್ಬ ಈ ಸೀಮೆಯಲ್ಲಿ ಮಳೆಗಾಲ ಕಳೆದು ದಿನಚರಿ ಬರೆದಿದ್ದನಂತೆ. ಅವನು ಮಲಗಿದ ಕಡೆ ಮಲಗಿ, ಅವನು ನೋಡಿದ್ದನ್ನು ನೋಡಿ, ಇವರು ಪುಸ್ತಕ ಬರೆಯುವುದು, ಆಮೇಲೆ ತಮ್ಮ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಏರ್ಪಡಿಸುವುದು ಯೋಜನೆ. ಅವನು ನೋಡಿದ್ದರಲ್ಲಿ ಹೊಳೆಗಳನ್ನು ಬಿಟ್ಟು ಏನೂ ಉಳಿದಿರಲಿಲ್ಲ. ಇದರಿಂದ ಲೂಕಾಸ್ ಅವರಿಗೆ ಬೇಸರವಾಗಲಿಲ್ಲ. ಉಳಿಯದೆ ಇದ್ದದ್ದರ ಬಗ್ಗೆ ಬರೆಯುವುದು ಅವರ ವಿದ್ವತ್ತಿನ ಶಾಖೆ.

ಶಿವಮೊಗ್ಗ ಅವರನ್ನು ಹೇಗೆ ಬರಮಾಡಿಕೊಂಡಿತು ಎಂಬುದನ್ನೂ ದಾಖಲಿಸಬೇಕು. ಒಂದು ಸಾಂಸ್ಕೃತಿಕ ಸಂಘದ ಅಧ್ಯಕ್ಷ ಶ್ರೀಕಂಠಯ್ಯನವರ ಬಳಿ ಹಳೆಯ ಕಾಗದಪತ್ರಗಳಿದ್ದವು. ನೋಡಬಹುದೇ ಎಂದು ಜೂನ್‌ನಲ್ಲಿ ಕೇಳಿದಾಗ ಗೇಟಿನಲ್ಲೇ ನಿಲ್ಲಿಸಿ "ನೋಡೋಣ, ಬನ್ನಿ" ಎಂದರು. ಜುಲೈನಲ್ಲೂ ಹಾಗೇ ಎಂದರು. ಆಗಸ್ಟ್‌ನಲ್ಲಿ ಕಪಾಟಿನ ಕೀಲಿ ಮಗಳ ಮನೆಯಲ್ಲಿದೆ ಎಂದರು. ಮಳೆ ಇಬ್ಬರ ಮೇಲೂ ಸುರಿಯುತ್ತಿತ್ತು, ಅಧ್ಯಕ್ಷರ ಕೈಯಲ್ಲಿ ಮಾತ್ರ ಕೊಡೆ ಇತ್ತು.

ಜುಲೈ ಕೊನೆಯಲ್ಲಿ ತುಂಗಾ ಸೇತುವೆಯ ಕೆಳಗಿನ ಮಂಟಪ ಮುಳುಗಿದ ದಿನಗಳಲ್ಲಿ ಲೂಕಾಸ್ ಜ್ವರ ಬಂದು ಮಲಗಿದರು. ಹೊಸಮನೆಯ ಮನೆ ಮಾಲೀಕರು ನನಗೆ ಫೋನ್ ಮಾಡಿ, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ಮನೆ ಹೆಸರು ಬರೋದು ಬೇಡ ಸಾರ್" ಎಂದರು. ಡಾಕ್ಟರು ನೋಡಿ, ಆಸ್ಪತ್ರೆ ಬೇಡ, ಯಾರಾದರೂ ಪಕ್ಕದಲ್ಲಿರಬೇಕು ಎಂದಿದ್ದರು. ಪಕ್ಕದಲ್ಲಿರಲು ಶಿವಮೊಗ್ಗದಲ್ಲಿ ಯಾರೂ ಸಿಗಲಿಲ್ಲ. ಖಾದರ್ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಭದ್ರಾವತಿ ದಾರಿಯ ಮಲವಗೊಪ್ಪದ ಬಳಿ ರಸ್ತೆ ಮೇಲೆ ಹರಿಯುತ್ತಿದ್ದ ನೀರಿನಲ್ಲಿ ಕಾರು ದಾಟಿಸಿ, ತನ್ನ ತಾಯಿಯ ಮನೆಗೆ ಕರೆದೊಯ್ದ.

ಖಾದರನ ತಾಯಿ ಜೈನಾಬಿ. ಎಪ್ಪತ್ತರ ಆಸುಪಾಸಿನ ವಿಧವೆ, ಸಕ್ಕರೆ ಕಾಯಿಲೆ, ಮಂಡಿನೋವು. ಲಾರಿ ಡ್ರೈವರನ ಹೆಂಡತಿಯಾಗಿ ಸಂಸಾರ ಮಾಡಿದವರು. ಹೊಳೆಬದಿಯ ಎರಡು ಕೋಣೆಯ ಆ ಮನೆಯಲ್ಲಿ ಲೂಕಾಸ್ ಒಂದು ವಾರ ಮಲಗಿದ್ದರು. ಆಕೆ ಅವರಿಗೆ ಕುಡಿಸಿದ್ದು ಇದೇ ಗಂಜಿ. ನಾನು ನೋಡಲು ಹೋದಾಗ ಜೈನಾಬಿ ಗೋಡೆಗೆ ಒರಗಿ ಕೂತಿದ್ದರು.

"ಏನಮ್ಮ, ನಿಮ್ಮ ಹೊಸ ಮಗ ಹೆಂಗಿದಾನೆ?"

"ಇಷ್ಟುದ್ದ ಇದಾನೆ, ನೋವು ಅಂದ್ರೆ ಕೂಸಿನಂಗೆ ಅಳ್ತಾನೆ. ಇವರ ದೇಶದಾಗೆ ಅಮ್ಮಂದಿರು ಇಲ್ಲೇನು ಬೇಟಾ?"

ಜ್ವರ ಬಿಟ್ಟ ಮೇಲೆ ಪ್ರೊಫೆಸರ್ ಭದ್ರಾವತಿಯನ್ನು ಪ್ರೀತಿಸತೊಡಗಿದರು. ಪ್ರೀತಿ ಹುಟ್ಟಿದ್ದು ತುಕ್ಕಿನ ಮೇಲೆ. ಕಾರ್ಖಾನೆಯ ಮಾಡು ಕುಸಿದ ಕ್ವಾರ್ಟರ್ಸುಗಳು, ಗೋಡೆ ಸೀಳಿ ಬೆಳೆದ ಅರಳಿ, ಹಳಿಯ ಮೇಲೆ ನಿಂತೇ ಹೋದ ವ್ಯಾಗನ್ ಎಲ್ಲದರ ಫೋಟೊ ತೆಗೆದರು. ಚೌಕಟ್ಟಿನೊಳಗೆ ಮನುಷ್ಯರು ಬಂದರೆ ಕೈ ಸನ್ನೆ ಮಾಡಿ ಸರಿಸುತ್ತಿದ್ದರು. ಒಮ್ಮೆ ಹಾಗೆ ಸರಿಸಲ್ಪಟ್ಟ ನಿವೃತ್ತ ಕಾರ್ಮಿಕರೊಬ್ಬರು ಖಾದರನನ್ನು ಕೇಳಿದರು.

"ಏನ್ ತಂಬಿ, ಫ್ಯಾಕ್ಟರಿ ಫುಲ್ಲಾಗಿ ಓಡಿಸೋಕೆ ಬಂದವ್ರಾ ಇವ್ರು?"

"ಇಲ್ಲ ತಾತಾ. ನಿಂತಿರೋದನ್ನ ನೋಡೋಕೆ ಬಂದೋರು."

"ಅದಕ್ಕೆ ಅಷ್ಟ್ ದೂರದಿಂದ ಬರಬೇಕಾ? ನಾವು ದಿನಾ ನೋಡ್ತೀವಲ್ಲ."

ಆಯುಧಪೂಜೆ ಕಳೆದ ಮೇಲೂ ಆ ವರ್ಷ ಮಳೆ ನಿಲ್ಲಲಿಲ್ಲ. ಅಡಿಕೆ ಕೊಯ್ಲಿನವರು ಅಂಗಳದ ಮೇಲೆ ಟಾರ್ಪಾಲು ಎಳೆದು ಆಕಾಶಕ್ಕೆ ಬೈಯುತ್ತಿದ್ದ ಆ ದಿನಗಳಲ್ಲೇ ಲೂಕಾಸ್ ತಮ್ಮ ವಿದಾಯದ ಯೋಜನೆ ಹೇಳಿದರು. ಅವರ ಯಾತ್ರಿಕ ಯಾವ ಪಟ್ಟಣ ಬಿಡುವಾಗಲೂ ಪರಿಚಿತರ ಮನೆಗೆಲ್ಲ ಹೋಗುತ್ತಿದ್ದನಂತೆ. ಆ ಕಾಲದ ಅವರ ಕಡೆಯ ರೂಢಿಯಂತೆ ಮೂಲೆ ಮಡಚಿದ ಹೆಸರಿನ ಕಾರ್ಡು ಕೊಟ್ಟು, ಕೊಟ್ಟದ್ದನ್ನು ಕುಡಿದು, ಬಾಗಿ ವಂದಿಸಿ ಬರುತ್ತಿದ್ದನಂತೆ. ಯಾರ ಮನೆಯ ಕಾಫಿ ತಣ್ಣಗಿತ್ತು, ಯಾರು ಎದ್ದು ನಿಂತರು, ಯಾರು ಕೂತೇ ಇದ್ದರು ಎಂದೆಲ್ಲ ಆಮೇಲೆ ಬರೆದಿಡುತ್ತಿದ್ದನಂತೆ. ತಾವೂ ಹಾಗೇ ಮಾಡಬೇಕು ಎಂದರು. ಕಾರ್ಡು ಅಚ್ಚಾಯಿತು. ಕನ್ನಡದಲ್ಲಿ ಒಂದು ವಾಕ್ಯ ಬರೆಸಿಕೊಂಡು ಬಾಯಿಪಾಠ ಮಾಡಿದರು. "ನಿಮ್ಮ ಊರು ನನ್ನ ಮನೆ."

ಮೊದಲ ಮನೆ ಶ್ರೀಕಂಠಯ್ಯನವರದು. ಈ ಸಲ ಗೇಟು ತೆರೆದಿತ್ತು. ಹಜಾರದಲ್ಲಿ ಬ್ಯಾನರ್, ಮೈಕು, ಒಂದು ಸಾಲು ಕುರ್ಚಿ. ಕುರ್ಚಿಗಳಲ್ಲಿ ಅಧ್ಯಕ್ಷರ ಮನೆಯವರೇ ಕೂತಿದ್ದರು. ಅವರಿಗೆ ಕೇಳಿಸಲು ಮೈಕು ಬೇಕಿರಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ ಆದವು. ತಾವು ಈ ವಿದ್ವಾಂಸರಿಗೆ ನಾಡಿನ ಇತಿಹಾಸದ ಬಾಗಿಲು ತೆರೆದದ್ದಾಗಿ ಶ್ರೀಕಂಠಯ್ಯ ಭಾಷಣ ಮಾಡಿದರು. ಕಪಾಟು ಅವರ ಬೆನ್ನ ಹಿಂದೆಯೇ ಇತ್ತು, ಬೀಗ ಹಾಕಿತ್ತು. ಲೂಕಾಸ್ ಎದೆಯ ಮೇಲೆ ಕೈಯಿಟ್ಟು "ನಿಮ್ಮ ಊರು ನನ್ನ ಮನೆ" ಎಂದರು. ಚಪ್ಪಾಳೆ ಬಿತ್ತು. ಬಾಗಿಲಲ್ಲಿ ಅಧ್ಯಕ್ಷರು ನನ್ನ ತೋಳು ಹಿಡಿದರು.

"ಎಷ್ಟು ಕಾಲಂ ಬರುತ್ತೆ?"

"ನೋಡೋಣ, ಬನ್ನಿ" ಎಂದೆ.

ಅಷ್ಟರಲ್ಲಿ ಲೂಕಾಸ್ ಕ್ಯಾಮೆರಾವನ್ನು ಖಾದರನ ಕೈಗೆ ಕೊಟ್ಟು ತಿರುಗಿ ಬಂದರು. ಬೀಳ್ಕೊಡುವ ಚಿತ್ರ ಸರಿಯಾಗಿ ಬಂದಿಲ್ಲವಂತೆ, ಇನ್ನೊಮ್ಮೆ ಬೀಳ್ಕೊಡಬೇಕಂತೆ. ಅಧ್ಯಕ್ಷರು ಸಂತೋಷದಿಂದ ಒಪ್ಪಿದರು. ಶಾಲನ್ನು ತೆಗೆದು ಮತ್ತೆ ಹೊದಿಸಿದರು. ಪ್ರೊಫೆಸರ್ ಮತ್ತೆ ಮೆಟ್ಟಿಲಿಳಿದರು, ಮತ್ತೆ ತಿರುಗಿ ನೋಡಿದರು, ಮುಖದ ಮೇಲೆ ಅದೇ ವಿಷಾದವನ್ನು ಮತ್ತೆ ತಂದುಕೊಂಡರು. ಪತ್ರಿಕೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಶಂಕುಸ್ಥಾಪನೆ ಎರಡು ಸಲ ಆದದ್ದನ್ನು ನೋಡಿದ್ದೆ. ವಿದಾಯ ಎರಡು ಸಲ ಆದದ್ದನ್ನು ನೋಡಿದ್ದು ಅದೇ ಮೊದಲು.

ಅಡಿಕೆ ಮಂಡಿ ಮಾಲೀಕ ಗಂಗಾಧರಪ್ಪನವರಲ್ಲಿ ಅದು ಮೂರು ಸಲ ಆಯಿತು. ಕಾರ್ಡು ಕೈಗೆ ಬಂದ ಕೂಡಲೇ ಅವರು ಕನ್ನಡಕ ಹುಡುಕಿದರು. ಈ ಊರಿನಲ್ಲಿ ಅಚ್ಚು ಹಾಕಿಸಿದ ಕಾರ್ಡು ಹಿಡಿದು ಮನೆಗೆ ಬಂದವರು ಕರೆಯಲು ಬಂದವರು ಎಂದೇ ಅರ್ಥ.

"ಯಾರ ಮದುವೆ ಮಾರಾಯ್ರೆ? ಛತ್ರ ಯಾವುದು?"

"ಮದುವೆ ಅಲ್ಲ. ಊರಿಗೆ ಹೊರಟಿದಾರೆ, ಹೇಳಿ ಹೋಗೋಕೆ ಬಂದಿದಾರೆ" ಎಂದೆ.

"ಅದಕ್ಕೆ ಕಾರ್ಡು? ಮತ್ತೆ ಮೂಲೆ ಯಾಕೆ ಮಡಚಿದೆ, ಅಶುಭದ್ದಾ?"

ವಿವರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಕಾರ್ಡಿನ ಮೂಲೆಯನ್ನು ಬೆರಳಿನಿಂದ ನೀವಿ ನೇರ ಮಾಡಿ ದೇವರ ಪಟದ ಹಿಂದೆ ಸಿಕ್ಕಿಸಿದರು. ಆಮೇಲೆ ಪ್ರೊಫೆಸರರನ್ನು ಅಡಿಕೆ ಮೂಟೆಯ ಮೇಲೆ ಕೂರಿಸಿ ಪಕ್ಕದಲ್ಲಿ ತಾವೂ ಕೂತರು. "ಇವರ ದೇಶದಲ್ಲಿ ಎಲೆಅಡಿಕೆ ಹಾಕಲ್ವಂತಾ? ಅಭ್ಯಾಸ ಮಾಡಿಸಬಹುದಾ ಕೇಳಿ" ಎಂದರು. ಕೇಳಿದೆ. ಬಹಳ ಆಸಕ್ತಿಕರ ಪ್ರಶ್ನೆ ಎಂದು ಲೂಕಾಸ್ ಉತ್ತರಿಸಿದರು. ನಿಮ್ಮ ಊರು ನನ್ನ ಮನೆ ಎಂದರು. ಕಾರು ಹತ್ತಿದ ಮೇಲೆ, ಈ ಮನುಷ್ಯನ ಹೆಸರೇನು ಎಂದು ನನ್ನನ್ನು ಕೇಳಿದರು. ಬೇಸಿಗೆಯಲ್ಲಿ ಬಂದಿದ್ದರೆ ಮಾವಿನ ಬುಟ್ಟಿಯೂ ಸಿಗುತ್ತಿತ್ತು ಎಂದು ಖಾದರ್ ಹೇಳಿದ. ಡಿಕ್ಕಿಯಲ್ಲಿ ಮೂರು ಶಾಲು, ಎರಡು ಪೇಟ, ಶ್ರೀಗಂಧದ ಹಾರಗಳು ಬಿದ್ದಿದ್ದವು. ಹಣ್ಣು ಖಾದರನ ಪಾಲಿಗೆ ಬಂತು.

ಕೊನೆಯ ಮನೆ ಜೈನಾಬಿಯವರದು. ಅಲ್ಲಿ ಬ್ಯಾನರ್ ಇರಲಿಲ್ಲ. ಮಳೆ ಜಿನುಗುತ್ತಿತ್ತು. ಚಾಪೆಯ ಮೇಲೆ ಕೂರಿಸಿ ಚಹಾ, ಖಾರಾ ಬಿಸ್ಕತ್ತು ಕೊಟ್ಟರು. ಲೂಕಾಸ್ ಕಾರ್ಡು ಕೊಟ್ಟರು, ಎದೆಗೆ ಕೈಯಿಟ್ಟು ಆ ವಾಕ್ಯ ಹೇಳಿದರು.

"ಊರು ಯಾಕೆ ಬೇಟಾ, ಈ ಮನೇನೇ ಇದೆಯಲ್ಲ" ಎಂದರು ಜೈನಾಬಿ. ಆಮೇಲೆ ಒಂದು ಐದು ರೂಪಾಯಿ ನಾಣ್ಯವನ್ನು ಹಸಿರು ಬಟ್ಟೆಯ ತುಂಡಿನಲ್ಲಿ ಸುತ್ತಿ, ಬಾಯಲ್ಲಿ ದುವಾ ಓದಿಕೊಳ್ಳುತ್ತ ಅವರ ಬಲತೋಳಿಗೆ ಕಟ್ಟಿದರು.

ಇದಕ್ಕೆ ಇಮಾಮ್ ಜಾಮಿನ್ ಎನ್ನುತ್ತಾರೆ. ದೂರ ಹೊರಟವರಿಗೆ ಕಟ್ಟುವುದು. ಸುರಕ್ಷಿತವಾಗಿ ತಲುಪಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಅಲ್ಲಿಯ ಒಬ್ಬ ಬಡವರ ಕೈಗೆ ಕೊಡಬೇಕು. ಕೊಟ್ಟಾಗ ಪಯಣ ಮುಗಿಯಿತು. ಜೈನಾಬಿಯವರ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಕೊಟ್ಟೆ ಎಂಬ ಸುದ್ದಿ ಬರುವ ತನಕ ಕಟ್ಟಿದವರು ಪ್ರತಿ ಗುರುವಾರ ಸಂಜೆಯ ತನಕ ಉಪವಾಸ ಇರಬೇಕು. ಗಂಡ ಲಾರಿಯಲ್ಲಿ ಮುಂಬೈಗೆ ಹೋದಾಗೆಲ್ಲ ಎದುರಿನ ಅಂಗಡಿಗೆ ಫೋನ್ ಮಾಡಿ "ಕೊಟ್ಟೆ ಅಂತ ಹೇಳಿ" ಎನ್ನುತ್ತಿದ್ದ. ದೊಡ್ಡ ಮಗ ಸೌದಿಯ ದಮ್ಮಾಮ್‌ಗೆ ಹೋದಾಗ ಮಾರನೆಯ ಬೆಳಿಗ್ಗೆಯೇ ಫೋನ್ ಬಂದಿತ್ತು. ಒಂದು ಗುರುವಾರಕ್ಕಿಂತ ಹೆಚ್ಚು ಆಕೆ ಯಾರಿಗಾಗಿಯೂ ಹಸಿದಿರಲಿಲ್ಲ.

ಇದನ್ನೆಲ್ಲ ನಾನು ಅಲ್ಲೇ ಕೂತು ಪ್ರೊಫೆಸರರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಎರಡು ಸಲ ಹೇಳಿದೆ. ಸಕ್ಕರೆ ಕಾಯಿಲೆಯ ವಿಷಯವನ್ನೂ ಸೇರಿಸಿದೆ. ಎಂಥ ಸುಂದರ ಕಲ್ಪನೆ ಎಂದರು. ತಲುಪಿದ ದಿನವೇ ಕೊಡುತ್ತೇನೆ, ಕೊಟ್ಟು ತಿಳಿಸುತ್ತೇನೆ ಎಂದರು. ಆಮೇಲೆ ಕ್ಯಾಮೆರಾ ತೆಗೆದು ಖಾದರನಿಗೆ ಕೊಟ್ಟರು. ಕಟ್ಟಿದ್ದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಲು ಹೇಳಿ, ಬೆಳಕು ಬಾಗಿಲ ಹತ್ತಿರ ಚೆನ್ನಾಗಿದೆ ಎಂದರು.

ಖಾದರ್ ತಾಯಿಗೆ ಹೇಳಿದ. ಜೈನಾಬಿ ತಲೆಯಾಡಿಸಿದರು.

"ಕಟ್ಟಿದ್ದು ಕಟ್ಟಿದ್ದೇ. ಇಲ್ಲಿ ಬಿಚ್ಚಿದ್ರೆ ಹೋಗೋ ದಾರಿ ಕೆಡುತ್ತೆ."

"ಒಂದು ಫೋಟೋಗೆ ಅಮ್ಮೀ."

"ನಿನ್ನ ಮದುವೇನೂ ಫೋಟೋಗೆ ಎರಡು ಸಲ ಮಾಡಿಸಿದ್ನೇನೋ?"

ವಿದಾಯ ಹೇಳುತ್ತ ಓಡಾಡಿದ ಆ ಮೂರು ದಿನಗಳಲ್ಲಿ ಲೂಕಾಸ್ ಅವರಿಗೆ ಯಾರಾದರೂ ಇಲ್ಲ ಎಂದದ್ದು ಅದೊಂದೇ ಸಲ. ಅವರು ನಕ್ಕರು. ಕಾರಿನಲ್ಲಿ ಮಲವಗೊಪ್ಪ ದಾಟುವ ತನಕ ತೋಳಿನ ಗಂಟನ್ನು ಮುಟ್ಟಿ ನೋಡುತ್ತಿದ್ದರು. ಚಿತ್ರ ಇಲ್ಲದಿದ್ದರೇನು, ವಸ್ತುವೇ ಇದೆಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಸಮಾಧಾನದ ಮಾತು ಎಂದುಕೊಂಡೆ. ಮರುದಿನ ಖಾದರ್ ಅವರನ್ನು ಬೆಂಗಳೂರಿನ ವಿಮಾನಕ್ಕೆ ಬಿಟ್ಟು ಬಂದ.

ಎರಡು ಗುರುವಾರ ಕಳೆದ ಮೇಲೆ ನಾನು ಮೇಲ್ ಬರೆದೆ. ರಜೆಯಲ್ಲಿದ್ದಾರೆ ಎಂಬ ಯಾಂತ್ರಿಕ ಉತ್ತರ ಬಂತು. ಡಿಸೆಂಬರಿನಲ್ಲಿ ಉದ್ದನೆಯ ಮೇಲ್ ಬಂತು. ತಮ್ಮೂರಿನ ಹಿಮ, ಪುಸ್ತಕದ ಕೆಲಸ, ಶಿವಮೊಗ್ಗದ ಮಳೆಯ ನೆನಪು ಎಲ್ಲ ಇತ್ತು. ಆ ಪ್ರೀತಿಯ ಅಜ್ಜಿಯನ್ನು ಎಂದೂ ಮರೆಯುವುದಿಲ್ಲ ಎಂದಿತ್ತು. ನಾಣ್ಯದ ಮಾತಿರಲಿಲ್ಲ. ನಾಣ್ಯ ಕೊಟ್ಟಿರಾ, ಹೌದೋ ಅಲ್ಲವೋ ತಿಳಿಸಿ ಎಂದು ಎರಡೇ ಸಾಲು ಬರೆದೆ. ಉತ್ತರವೂ ಅಷ್ಟೇ ಚಿಕ್ಕದಾಗಿತ್ತು. ಯೋಚನೆ ಬೇಡ, ಅದು ನನ್ನ ಬಳಿ ಅತ್ಯಂತ ಸುರಕ್ಷಿತವಾಗಿದೆ.

ಮುಂದಿನ ಬೇಸಿಗೆಯಲ್ಲಿ ಜೈನಾಬಿ ಒಂದು ಗುರುವಾರ ಮಧ್ಯಾಹ್ನ ಬಚ್ಚಲ ಬಳಿ ಕುಸಿದರು. ಡಾಕ್ಟರು ಖಾದರನಿಗೆ ಬೈದರು. ಈ ವಯಸ್ಸಿನಲ್ಲಿ, ಈ ಮಾತ್ರೆಗಳ ಮೇಲೆ ಉಪವಾಸ ಕೂಡದು, ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ಕರೆತರುವಷ್ಟು ಹೊತ್ತೂ ಸಿಗದು ಎಂದರು. ಖಾದರ್ ಮನೆಗೆ ಬಂದು ಸುಳ್ಳು ಹೇಳಿದ. ಪ್ರೊಫೆಸರ್ ಫೋನ್ ಮಾಡಿದ್ದರು, ಕೊಟ್ಟರಂತೆ ಎಂದ. "ನಿಮ್ಮಪ್ಪನೂ ಒಂದ್ಸಲ ಹಿಂಗೇ ಕಣ್ಣು ತಪ್ಪಿಸಿ ಹೇಳಿದ್ದ" ಎಂದು ಆಕೆ ಮುಂದಿನ ಗುರುವಾರವೂ ಉಪವಾಸ ಹಿಡಿದರು. ಮಸೀದಿಯ ಹಜರತ್ತರು ಬಂದು, ಅಮ್ಮ, ಧರ್ಮದಲ್ಲಿ ಇದು ಕಡ್ಡಾಯವಿಲ್ಲ ಎಂದರು. ಗೊತ್ತು, ಆದ್ರೆ ಮಾತು ಕೊಟ್ಟಿದ್ದು ನಾನಲ್ವಾ ಎಂದರು ಜೈನಾಬಿ.

ಆ ಮಳೆಗಾಲದಲ್ಲಿ ಕಚೇರಿಗೆ ಒಂದು ಪಾರ್ಸೆಲ್ ಬಂತು. ಪ್ರದರ್ಶನದ ಪುಸ್ತಿಕೆ, ದಪ್ಪ ಕಾಗದ, ಒಳ್ಳೆಯ ಮುದ್ರಣ. ತುಕ್ಕಿನ ಚಿತ್ರಗಳು ಬಹಳ ಇದ್ದವು. ಗಂಗಾಧರಪ್ಪನವರ ಚಿತ್ರದ ಕೆಳಗೆ "ಸ್ಥಳೀಯ ವ್ಯಾಪಾರಿ" ಎಂದಷ್ಟೇ ಇತ್ತು. ಅವರು ಆ ಪುಟವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಮಂಡಿಯಲ್ಲಿ ತೂಗುಹಾಕಿದ್ದಾರೆ. ಶ್ರೀಕಂಠಯ್ಯನವರ ಚಿತ್ರದಲ್ಲಿ ಶಾಲು ಇತ್ತು, ಕೈಗಳಿದ್ದವು, ಮುಖ ಕತ್ತರಿಸಿ ಹೋಗಿತ್ತು. ಅದನ್ನು ಖಂಡಿಸಿ ಅವರು ಕಳಿಸಿದ ಪ್ರಕಟಣೆಯನ್ನು ನಾವು ಹಾಕಲಿಲ್ಲ. ನಡುಪುಟದಲ್ಲಿ, ಕಪ್ಪು ಹಿನ್ನೆಲೆಯ ಮೇಲೆ, ಒಂದು ಗಾಜಿನ ಪೆಟ್ಟಿಗೆ. ಒಳಗೆ ಹಸಿರು ಬಟ್ಟೆಯ ಗಂಟು. ಬಟ್ಟೆಯನ್ನು ಒಂದು ಕಡೆ ಸ್ವಲ್ಪ ಬಿಡಿಸಿ, ನಾಣ್ಯದ ಅಂಚು ಕಾಣುವಂತೆ ಇಟ್ಟಿದ್ದರು.

ಕೆಳಗಿನ ವಿವರಣೆಯಲ್ಲಿ ತಪ್ಪು ಒಂದೂ ಇರಲಿಲ್ಲ. ಯಾತ್ರಿಕನು ಸುರಕ್ಷಿತವಾಗಿ ತಲುಪಿದ ಮೇಲೆ ಈ ನಾಣ್ಯವನ್ನು ಬಡವರಿಗೆ ಕೊಡಲಾಗುತ್ತದೆ, ಸುದ್ದಿ ಮುಟ್ಟುವ ತನಕ ಕಟ್ಟಿದ ಮಹಿಳೆ ವಾರಕ್ಕೊಮ್ಮೆ ಉಪವಾಸ ಆಚರಿಸುತ್ತಾಳೆ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಹೇಳಿದ ಮಾತುಗಳೇ. ಒಳ್ಳೆಯ ವರದಿ.

ಪ್ರೊಫೆಸರರಿಗೆ ಬರೆದ ಮೂರನೆಯ ಮೇಲ್‌ನಲ್ಲಿ ಬಚ್ಚಲ ಬಳಿ ನಡೆದದ್ದನ್ನೂ ಡಾಕ್ಟರ ಮಾತನ್ನೂ ತಿಳಿಸಿದೆ. ಈ ಸಲ ಉತ್ತರಿಸಿದವರು ಪ್ರದರ್ಶನದ ಸಹಾಯಕಿ. ಪ್ರೊಫೆಸರ್ ಇನ್ನೊಂದು ದೇಶದಲ್ಲಿ ಉಪನ್ಯಾಸಕ್ಕೆ ಹೋಗಿದ್ದಾರೆ, ವಸ್ತುವನ್ನು ಈಗ ಸಂಗ್ರಹಕ್ಕೆ ಸೇರಿಸಿರುವುದರಿಂದ ಹೊರತೆಗೆಯಲು ಸಮಿತಿ ಒಪ್ಪಬೇಕು, ನೋಡುಗರಿಗೆ ಬಹಳ ಇಷ್ಟವಾಗಿರುವುದು ಅದೇ ಎಂದಿದ್ದರು. ಆ ಮಹಿಳೆ ತಮ್ಮ ಉಪವಾಸದ ಬಗ್ಗೆ ಮಾತಾಡುವುದನ್ನು ಧ್ವನಿಮುದ್ರಿಸಿ ಕಳಿಸಲು ಸಾಧ್ಯವೇ, ಪೆಟ್ಟಿಗೆಯ ಪಕ್ಕದ ಹೆಡ್‌ಫೋನಿನಲ್ಲಿ ಕೇಳಿಸುತ್ತೇವೆ ಎಂದೂ ಕೇಳಿದ್ದರು.

ಅದನ್ನು ಖಾದರನಿಗೆ ಓದಿ ಹೇಳಿದೆ. ಅವನು ಕಾರಿನ ಎಂಜಿನ್ ಆರಿಸಿದ.

"ಸಾರ್, ನೀವು ಬಂದು ಹೇಳ್ಬಿಡಿ. ಕೊಟ್ಟರಂತೆ ಅಂತ. ನಾನು ಹೇಳಿದ್ರೆ ನಂಬಲ್ಲ. ಪೇಪರ್‌ನೋರು ಹೇಳಿದ್ರೆ ನಂಬ್ತಾಳೆ."

ಹೋದೆವು. ಜೈನಾಬಿ ಸಣ್ಣಗಾಗಿದ್ದರು. ಅಮ್ಮೀ, ಸಾರ್ ಸುದ್ದಿ ತಂದಿದಾರೆ ಎಂದ ಖಾದರ್. ಆಕೆ ನನ್ನ ಮುಖ ನೋಡಿದರು.

"ಕೊಟ್ನಾ?"

ಖಾದರ್ ನನ್ನನ್ನೇ ನೋಡುತ್ತಿದ್ದ.

"ಯಾರಿಗೆ ಕೊಟ್ಟ ಬೇಟಾ? ಗಂಡಸಿಗಾ, ಹೆಂಗಸಿಗಾ? ಆ ಚಳೀಲಿ ಬಡವರು ಎಲ್ಲಿ ಕೂತಿರ್ತಾರೆ?"

ಗಂಜಿಯ ಪಾತ್ರೆ ಒಲೆಯ ಮೇಲಿತ್ತು.

"ಇನ್ನೂ ಕೊಟ್ಟಿಲ್ಲ ಅಮ್ಮ" ಎಂದೆ.

ಖಾದರ್ ಎದ್ದು ಹೊರಗೆ ಹೋದ. ಜೈನಾಬಿ ಒಲೆಯ ಕಡೆ ತಿರುಗಿದರು.

"ಹಂಗಾದ್ರೆ ಇನ್ನೂ ದಾರೀಲೇ ಇದಾನೆ" ಎಂದರು. "ಪಾಪ. ಒಬ್ಬನೇ ಬೇರೆ."

ಆಮೇಲೆ ಖಾದರ್ ಕೇಳಿದ. ಆ ನಾಣ್ಯ ಬೇಡ, ನಾನೇ ಇನ್ನೊಂದು ಐದು ರೂಪಾಯಿ ಮಸೀದಿ ಮುಂದೆ ಕೊಟ್ಟು ಬರ್ತೀನಿ, ಮುಗಿಸಮ್ಮಾ ಎಂದ. ಬೇಕಾದ್ರೆ ಐನೂರು ಕೊಡು, ಪುಣ್ಯ ಬರುತ್ತೆ, ಆದ್ರೆ ಅವನು ಮನೆ ಸೇರಲ್ಲ ಎಂದರು ಆಕೆ. ಮಗ ಅಂದಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾನೆ. ಕಾರಿಗೆ ಕರೆದರೆ ಬರುತ್ತಾನೆ, ಕನ್ನಡಿಯಲ್ಲಿ ನೋಡುವುದಿಲ್ಲ.

ಸಮಿತಿಗೆ ನಾನು ಬರೆದ ಮನವಿ ತಲುಪಿರುವುದಾಗಿ ಉತ್ತರ ಬಂದಿದೆ. ಜನರ ಬೇಡಿಕೆಯ ಮೇರೆಗೆ ಪ್ರದರ್ಶನವನ್ನು ಇನ್ನೊಂದು ವರ್ಷ ವಿಸ್ತರಿಸಲಾಗಿದೆ ಎಂದು ಕಳೆದ ವಾರ ಸಹಾಯಕಿ ತಿಳಿಸಿದ್ದಾರೆ. ಮೊನ್ನೆ ಗುರುವಾರ ಜೈನಾಬಿ ಉಪವಾಸ ಇದ್ದರು.